ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಟ್ಟರೆ ನಾನು ಯಾರು?

ಖಾಲಿಹಾಳೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಓದು ಮುಗಿದು ಹತ್ತು ತಿಂಗಳಾಯಿತು. ಕೆಲಸ ಸಿಕ್ಕಿದೆ, ಸರಿಯಾಗಿ ಹೋಗಿ ಬರುತ್ತಿದ್ದೇನೆ. ಮನೆಯಲ್ಲೂ ಎಲ್ಲರೂ ಖುಷಿಯಾಗಿದ್ದಾರೆ. ಹೊರಗಿನಿಂದ ನೋಡಿದರೆ ನನಗೆ ಯಾವ ತೊಂದರೆಯೂ ಇಲ್ಲ. ಆದರೆ ಹೋದ ವಾರದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಯಾರ ಹತ್ತಿರ ಹೇಳಿದರೂ ‘ಸುಮ್ನೆ ಜಾಸ್ತಿ ಯೋಚನೆ ಮಾಡ್ತೀಯ’ ಎನ್ನುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಒಂದು ಫಾರಂ ಕೊಟ್ಟರು. ಎರಡೇ ಪ್ರಶ್ನೆ. ನಿಮ್ಮ ಬಗ್ಗೆ ಐದು ಸಾಲು ಬರೆಯಿರಿ. ಇನ್ನು ಐದು ವರ್ಷಕ್ಕೆ ನೀವು ಏನಾಗಿರಬೇಕು ಅಂದುಕೊಂಡಿದ್ದೀರಿ? ಅಷ್ಟೇ. ಒಬ್ಬರನ್ನೊಬ್ಬರು ತಿಳಿದುಕೊಳ್ಳಲಿ ಎಂದು ಕೊಟ್ಟದ್ದು, ಪರೀಕ್ಷೆಯೇನಲ್ಲ.

ನಾನು ಮೊದಲು ‘ಕಾಲೇಜಿಗೆ ಎರಡನೇ ರ್‍ಯಾಂಕ್’ ಎಂದು ಬರೆದೆ. ಇಲ್ಲಿ ಅದು ಯಾರಿಗೆ ಬೇಕು ಅನ್ನಿಸಿ ಹೊಡೆದುಹಾಕಿದೆ. ಆಮೇಲೆ ಓದಿದ ವಿಷಯದ ಹೆಸರು ಬರೆದೆ. ಅದು ಆಗಲೇ ಅವರ ಹತ್ತಿರ ಇದೆ. ಅದನ್ನೂ ಹೊಡೆದೆ. ‘ಕಷ್ಟಪಟ್ಟು ಕೆಲಸ ಮಾಡುತ್ತೇನೆ’ ಎಂದು ಬರೆದೆ. ಅಲ್ಲಿಗೆ ಮುಗಿಯಿತು. ನಾಲ್ಕು ಸಾಲು ಖಾಲಿ. ಪಕ್ಕದಲ್ಲಿ ಕೂತಿದ್ದವಳು ಪೆನ್ನು ಎತ್ತದೆ ಬರೆಯುತ್ತಿದ್ದಳು. ಈಜು, ಪತ್ತೇದಾರಿ ಕಾದಂಬರಿ, ಜಗಳ ಬಿಡಿಸುವುದರಲ್ಲಿ ನಾನು ಗಟ್ಟಿ, ಮುಂದೆ ಸಣ್ಣದೊಂದು ತಂಡ ನಡೆಸಬೇಕು, ಹೀಗೆ. ಜಾಗ ಸಾಲದೆ ಹಾಳೆ ತಿರುಗಿಸಿ ಹಿಂದೆಯೂ ಬರೆದಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಬರಲಿಲ್ಲ. ಭಯ ಬಂತು.

ನಾಲ್ಕನೇ ತರಗತಿಯಿಂದ ನಾನು ‘ಓದೋ ಹುಡುಗಿ’. ಮನೆಗೆ ಯಾರು ಬಂದರೂ ‘ಇವಳು ಕ್ಲಾಸಿಗೇ ಫಸ್ಟು’ ಎಂದೇ ಪರಿಚಯ. ನನಗೂ ಅದು ಇಷ್ಟವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಎಂಟನೇ ತರಗತಿಯವರೆಗೆ ಚಿತ್ರ ಬಿಡಿಸುತ್ತಿದ್ದೆ. ಒಂಬತ್ತಕ್ಕೆ ಬಂದಾಗ ಬಣ್ಣದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಯಾರೂ ಹಾಕು ಎನ್ನಲಿಲ್ಲ. ನಾನೇ ಹಾಕಿದೆ. ಮುಂದೆ ಯಾವ ವಿಷಯ ತೆಗೆದುಕೊಳ್ಳಬೇಕು ಎಂದು ಬಂದಾಗಲೂ ಯಾರೂ ಒತ್ತಾಯ ಮಾಡಲಿಲ್ಲ. ಇಷ್ಟು ಮಾರ್ಕ್ಸ್ ಬಂದವರು ಇದನ್ನೇ ತಗೊಳ್ಳೋದು, ಹಾಗಾಗಿ ನಾನೂ ತಗೊಂಡೆ. ಅಪ್ಪ ‘ನಿನಗೆ ಇಷ್ಟಾನಾ?’ ಎಂದು ಒಂದು ಸಲ ಕೇಳಿದ್ದರು. ‘ಹೂಂ’ ಎಂದಿದ್ದೆ. ಇಷ್ಟ ಅಂದರೆ ಏನು ಎಂದು ಆಗ ಯೋಚಿಸಿಯೇ ಇರಲಿಲ್ಲ.

ಹಾಗಾಗಿ ದೂರಲು ನನಗೆ ಯಾರೂ ಇಲ್ಲ. ಯಾರಾದರೂ ಬಲವಂತ ಮಾಡಿದ್ದರೆ ಅವರನ್ನು ಬೈದುಕೊಂಡು ಹಗುರಾಗಬಹುದಿತ್ತೇನೋ.

ಈಗ ಭಾನುವಾರ ಬಂದರೆ ಕಷ್ಟ. ಸಿಲಬಸ್ ಇಲ್ಲ, ಪರೀಕ್ಷೆ ಇಲ್ಲ. ಯಾರೂ ನನಗೆ ನಂಬರ್ ಕೊಡುತ್ತಿಲ್ಲ. ಸುಮ್ಮನೆ ಕೂತಿರುತ್ತೇನೆ. ನಿಮ್ಮ ವ್ಯಕ್ತಿತ್ವ ಯಾವುದು ಎಂದು ಹೇಳುವ ಪ್ರಶ್ನಾವಳಿಯೊಂದನ್ನು ಮೊಬೈಲಿನಲ್ಲಿ ಮೂರು ಸಲ ತುಂಬಿದೆ. ಮೂರು ಸಲವೂ ಬೇರೆ ಬೇರೆ ಉತ್ತರ ಬಂತು.

ನಾನು ಕೇಳಬೇಕಾದದ್ದು ಇದು. 23ಕ್ಕೆಲ್ಲ ಜನರಿಗೆ ತಾವು ಯಾರು ಎಂದು ಗೊತ್ತಿರುತ್ತದಾ? ಮೊದಲು ನಾನು ಯಾರು ಎಂದು ತಿಳಿದು ಆಮೇಲೆ ಮುಂದಿನದನ್ನು ಯೋಚಿಸಬೇಕಾ, ಅಥವಾ ಮುಂದೆ ಏನಾಗಬೇಕು ಎಂದು ಮೊದಲೇ ನಿಶ್ಚಯ ಮಾಡಿಕೊಳ್ಳಬೇಕಾ? ಇನ್ನೊಂದು. ಕೈಯಲ್ಲಿ ಕೆಲಸ ಇರುವಾಗ ಹೀಗೆಲ್ಲ ಯೋಚಿಸುವುದು ಹೊಟ್ಟೆ ತುಂಬಿದವರ ಚಿಂತೆಯಾ? ದಯವಿಟ್ಟು ನಿಜವಾಗಿ ಅನ್ನಿಸಿದ್ದನ್ನೇ ಹೇಳಿ.

ಹಳೆಪೆನ್ಸಿಲ್:

ನಿಮ್ಮ ಬರಹವನ್ನು ನಿನ್ನೆ ರಾತ್ರಿ ಓದಿದೆ. ಇವತ್ತು ಇಡೀ ದಿನ ಆ ನಾಲ್ಕು ಖಾಲಿ ಸಾಲು ತಲೆಯಲ್ಲಿತ್ತು. ನನಗೆ ಈಗ 41. ನನಗೆ ಇಂಥ ಖಾಲಿ ಸಾಲು ಸಿಕ್ಕಿದ್ದು 27ಕ್ಕೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಯ ಮಾಡಿಕೊಂಡು ಓದಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇದು ಹೊಟ್ಟೆ ತುಂಬಿದವರ ಚಿಂತೆ ಅಲ್ಲ. ‘ಐಡೆಂಟಿಟಿ ಕ್ರೈಸಿಸ್’, ಅಂದರೆ ನಾನು ಯಾರು ಎಂಬ ಗೊಂದಲ, ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ, ಅಲ್ವಾ. ಆ ಮಾತನ್ನು ಬಳಕೆಗೆ ತಂದವರು ಎರಿಕ್ ಎರಿಕ್‌ಸನ್ ಎಂಬ ಮನಶ್ಶಾಸ್ತ್ರಜ್ಞರು. ಅವರು ಸುಮ್ಮನೆ ಕುರ್ಚಿಯಲ್ಲಿ ಕೂತು ಅದನ್ನು ಹುಟ್ಟಿಸಲಿಲ್ಲ. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದರು. ಹೆತ್ತ ತಂದೆ ಯಾರೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಲತಂದೆ ಮಕ್ಕಳ ಡಾಕ್ಟರು. ಅವರ ಮನೆತನದ ಹೆಸರೇ ಹುಡುಗನಿಗೂ ಬಂತು, ಎರಿಕ್ ಹೋಂಬರ್ಗರ್ ಎಂದು. ಇವನೂ ಡಾಕ್ಟರಾಗಲಿ ಎಂಬುದು ಆ ತಂದೆಯ ಆಸೆ. ಯಹೂದಿ ಮನೆಯ ಹುಡುಗ, ಆದರೆ ಎತ್ತರದ ಆಳು, ಹೊಂಬಣ್ಣದ ಕೂದಲು, ನೀಲಿ ಕಣ್ಣು. ಪ್ರಾರ್ಥನೆಗೆ ಹೋದಲ್ಲಿ ನೀನು ನಮ್ಮವನಲ್ಲ ಎಂದು ಕಾಡುತ್ತಿದ್ದರು. ಶಾಲೆಯಲ್ಲಿ ನೀನು ಯಹೂದಿ ಎಂದು ಕಾಡುತ್ತಿದ್ದರು.

ಶಾಲೆ ಮುಗಿದ ಮೇಲೆ ಅವರು ಡಾಕ್ಟರ್ ಓದಿಗೆ ಹೋಗಲಿಲ್ಲ. ಚಿತ್ರ ಬರೆಯುತ್ತ ಕೆಲವು ವರ್ಷ ಅಲೆದರು. 1927ರಲ್ಲಿ, ಇಪ್ಪತ್ತೈದರ ಹೊತ್ತಿಗೆ, ಗೆಳೆಯನೊಬ್ಬ ವಿಯೆನ್ನಾದ ಪುಟ್ಟ ಶಾಲೆಯೊಂದಕ್ಕೆ ಪಾಠ ಹೇಳಲು ಕರೆದ. ಹೋದರು. ಮಕ್ಕಳ ಮನಸ್ಸಿನ ಕಡೆಗೆ ಅವರು ತಿರುಗಿದ್ದು ಅಲ್ಲಿ. ಮುಂದೆ 1939ರಲ್ಲಿ ಅಮೆರಿಕದ ಪೌರರಾದಾಗ ಎರಿಕ್‌ಸನ್ ಎಂಬ ಹೆಸರನ್ನು ತಾವೇ ಇಟ್ಟುಕೊಂಡರು. ಎರಿಕ್‌ಸನ್ ಅಂದರೆ ಎರಿಕ್‌ನ ಮಗ. ತನ್ನ ಹೆಸರಿನಿಂದಲೇ ತನಗೊಂದು ಮನೆತನ ಕಟ್ಟಿಕೊಂಡ ಹಾಗೆ. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ತುಂಬಿ ಬರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಅವರು ಮೊದಲು ‘ನಾನು ಯಾರು’ ಎಂದು ತಿಳಿದುಕೊಂಡು ವಿಯೆನ್ನಾಕ್ಕೆ ಹೋಗಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಕೆಲಸ ಎದುರಿಗೆ ಬಂತು, ಮಾಡಿ ನೋಡಿದರು. ಗೊತ್ತಾದದ್ದು ಆಮೇಲೆ.

ಇನ್ನು ನಿಮ್ಮ ವಿಷಯ. ಎರಿಕ್‌ಸನ್ ಅವರ ವಿಚಾರವನ್ನೇ ಹಿಡಿದು ಜೇಮ್ಸ್ ಮಾರ್ಸಿಯಾ ಎಂಬವರು 1966ರಲ್ಲಿ ಕಾಲೇಜು ಹುಡುಗರನ್ನು ಕೂರಿಸಿಕೊಂಡು ಮಾತಾಡಿಸಿದರು. ಅವರು ನೋಡಿದ್ದು ಎರಡನ್ನು. ಈ ಹುಡುಗ ನಿಜವಾಗಿ ಅದು ಇದು ಹುಡುಕಿ ನೋಡಿದ್ದಾನಾ? ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಂಡಿದ್ದಾನಾ? ಕೆಲವರು ಹುಡುಕಿಯೂ ಇಲ್ಲ, ಹಿಡಿದೂ ಇಲ್ಲ. ಕೆಲವರು ಹುಡುಕುತ್ತಿದ್ದಾರೆ, ಇನ್ನೂ ಏನೂ ಕೈಗೆ ಹತ್ತಿಲ್ಲ. ಕೆಲವರು ಹುಡುಕಿ ಹಿಡಿದವರು. ಇನ್ನು ಕೆಲವರು ಹುಡುಕದೆಯೇ ಹಿಡಿದವರು. ಈ ಕೊನೆಯವರು ಹೊರಗಿನಿಂದ ತುಂಬ ಗಟ್ಟಿಯಾಗಿ ಕಾಣುತ್ತಾರೆ. ಕೊಟ್ಟದ್ದನ್ನು ತಗೊಂಡಿರುತ್ತಾರೆ, ಚೆನ್ನಾಗಿಯೇ ನಿಭಾಯಿಸುತ್ತಾರೆ. ಹಿಡಿದದ್ದು ಜಾರಿದ ದಿನ ಮಾತ್ರ ಕೈಗೆ ಏನೂ ಸಿಗುವುದಿಲ್ಲ.

ನೀವು ‘ಓದೋ ಹುಡುಗಿ’ಯನ್ನು ಹುಡುಕದೆಯೇ ಹಿಡಿದಿರಿ. ಅದರಲ್ಲಿ ತಪ್ಪೇನಿಲ್ಲ. ನಾಲ್ಕನೇ ತರಗತಿಯ ಮಗು ಇನ್ನೇನು ಮಾಡುತ್ತದೆ? ಈಗ ಓದು ಮುಗಿದಿದೆ, ಹಿಡಿದದ್ದು ಕೈಬಿಟ್ಟಿದೆ. ನಿಮಗೆ ಬಂದ ಭಯ ಅದರದ್ದು. ನೀವು ಹಿಂದೆ ಬಿದ್ದಿಲ್ಲ. ಹುಡುಕುವ ಹಂತಕ್ಕೆ ಈಗ ಕಾಲಿಟ್ಟಿದ್ದೀರಿ. ಮೂವತ್ತು ದಾಟಿದರೂ ಎಷ್ಟೋ ಜನ ಹುಡುಕಿ ಹಿಡಿದವರಾಗಿರುವುದಿಲ್ಲ ಎಂದು ಆಮೇಲಿನ ಅಧ್ಯಯನಗಳಲ್ಲೂ ಕಂಡಿದೆ.

ನನ್ನ ಕಥೆ ಹೇಳುತ್ತೇನೆ. ನಾನು ಆರು ವರ್ಷ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಅಣ್ಣ ಅದನ್ನೇ ಮಾಡುತ್ತಿದ್ದ, ನಾನೂ ಸೇರಿದೆ. ಒಂದು ದಿನ ಸಂಜೆ ಲೆಕ್ಕ ತಾಳೆಯಾಗಿ, ಎಲ್ಲ ಸರಿ ಬಂದು, ಎದ್ದು ನಿಂತೆ. ಖುಷಿಯಾಗಬೇಕಿತ್ತು. ಏನೂ ಆಗಲಿಲ್ಲ. ಆ ಏನೂ ಆಗದಿರುವುದು ಬಹಳ ದಿನ ನಡೆಯಿತು. ಆಗ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದೆ. ಎಡಗಡೆ ‘ಮಾಡಿದ ಮೇಲೆ ಹಗುರ’. ಬಲಗಡೆ ‘ಮಾಡಿದ ಮೇಲೆ ಭಾರ’. ದಿನಾ ಮಲಗುವ ಮುಂಚೆ ಒಂದೊಂದು ಸಾಲು. ನಾನು ಯಾರು, ನನ್ನ ಗುರಿ ಏನು ಎಂದೆಲ್ಲ ಬರೆಯಲಿಲ್ಲ. ಅವತ್ತು ಮಾಡಿದ ಕೆಲಸ, ಅಷ್ಟೇ.

ನಾಲ್ಕು ತಿಂಗಳ ಮೇಲೆ ಓದಿದೆ. ಬಲಗಡೆ ಲೆಕ್ಕ ತುಂಬಿರುತ್ತದೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಲೆಕ್ಕ ಎರಡೂ ಕಡೆ ಇತ್ತು. ಒಬ್ಬನೇ ಕೂತು ಮಾಡಿದ ಲೆಕ್ಕ ಬಲಗಡೆ. ಹೊಸದಾಗಿ ಸೇರಿದ ಹುಡುಗನಿಗೆ ಜಮೆ ಯಾವುದು, ಖರ್ಚು ಯಾವುದು ಎಂದು ಕಲಿಸಿದ್ದು ಎಡಗಡೆ. ವಯಸ್ಸಾದ ಒಬ್ಬರಿಗೆ ಕಂಪ್ಯೂಟರಿನಲ್ಲಿ ಅದೇ ಕೆಲಸ ತೋರಿಸಿಕೊಟ್ಟದ್ದು ಎಡಗಡೆ, ಅದೂ ಮೂರು ಸಲ. ನನಗೆ ಬೇಸರವಾಗಿದ್ದುದು ಲೆಕ್ಕದಿಂದ ಅಲ್ಲ. ಒಬ್ಬನೇ ಇರುವುದರಿಂದ. ಇದು ತಲೆಗೆ ಹೊಳೆದದ್ದಲ್ಲ, ಪುಸ್ತಕದಲ್ಲಿ ಕಂಡದ್ದು. ಮರುವರ್ಷ ವಾರಕ್ಕೆ ಎರಡು ಸಂಜೆ ದೊಡ್ಡವರಿಗೆ ಲೆಕ್ಕ ಕಲಿಸಲು ಹೋದೆ. ಕೆಲಸ ಬಿಡಲಿಲ್ಲ. ಪೂರ್ತಿ ಕಲಿಸುವವನಾಗಿದ್ದು 33ಕ್ಕೆ.

ಹಾಗಾಗಿ, ಅಟ್ಟದ ಮೇಲಿನ ಡಬ್ಬಿ ಇಳಿಸಿ. ಅದೇ ನಿಮ್ಮ ದಾರಿ ಎಂದು ನಾನು ಹೇಳುತ್ತಿಲ್ಲ. ಅಲ್ಲ ಎಂದು ಗೊತ್ತಾದರೂ ಒಂದು ವಿಷಯ ಗೊತ್ತಾದ ಹಾಗೇ. ಆಮೇಲೆ ಇನ್ನೊಂದು ಮಾಡಿ ನೋಡಿ. ಆದರೆ ಬರೆದಿಡಿ. ನಮ್ಮ ನೆನಪು ನಮಗೆ ಬೇಕಾದ ಹಾಗೆ ಕಥೆ ಕಟ್ಟುತ್ತದೆ, ದಿನದ ಸಾಲು ಹಾಗೆ ಮಾಡುವುದಿಲ್ಲ.

ಮೂರನೇಪಾಳಿ:

ಹಳೆಪೆನ್ಸಿಲ್ ಅವರು ಬರೆದದ್ದು ಚೆನ್ನಾಗಿದೆ. ಆದರೆ ನನಗೆ ಒಂದು ಮಾತು ಹೇಳಲೇಬೇಕು.

ಹುಡುಕುವುದಕ್ಕೆ ಸಮಯ ಬೇಕು. ನನಗೆ ಅದು ಸಿಗಲಿಲ್ಲ. 19ಕ್ಕೆ ಅಪ್ಪ ಹಾಸಿಗೆ ಹಿಡಿದರು. ನನ್ನ ಕೆಳಗೆ ಇಬ್ಬರು. ಸಿಕ್ಕ ಕೆಲಸಕ್ಕೆ ಸೇರಿದೆ, ರಾತ್ರಿ ಪಾಳಿ. ‘ನನಗೆ ಇಷ್ಟಾನಾ’ ಎಂದು ಕೇಳಿಕೊಳ್ಳುವ ಪ್ರಶ್ನೆಯೇ ಬರಲಿಲ್ಲ. 18ರಿಂದ 25ರವರೆಗಿನದು ಹುಡುಕಾಟದ ವಯಸ್ಸು ಎಂದು ಜೆಫ್ರಿ ಆರ್ನೆಟ್ ಎಂಬ ಪಂಡಿತರು 2000ದಲ್ಲಿ ಬರೆದರು. ಅದನ್ನು ಒಪ್ಪದವರು ಆಗಲೇ ಕೇಳಿದರು, ಓದಲು ಅವಕಾಶ ಸಿಕ್ಕವರ ಬದುಕು ನೋಡಿ ಎಲ್ಲರ ಬದುಕೂ ಹೀಗೇ ಎನ್ನಬಹುದಾ ಎಂದು. ನಾನು ಆ ಕೇಳಿದವರ ಕಡೆಯವನು.

ಹಾಗೆಂದು ನಾನು ಯಾರೂ ಅಲ್ಲ ಎಂದು ನನಗೆ ಅನ್ನಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಮಿಷಿನ್ ನಿಂತರೆ ಮೊದಲು ಕರೆಯುವುದು ನನ್ನನ್ನು. ಶಬ್ದ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತೇನೆ. ಈ ಕಿವಿ ನಾನು ಆರಿಸಿಕೊಂಡದ್ದಲ್ಲ. ಹನ್ನೆರಡು ವರ್ಷದ ರಾತ್ರಿಗಳು ಕೊಟ್ಟದ್ದು. ತಂಗಿ ಓದು ಮುಗಿಸಿದಳು, ತಮ್ಮ ಮುಗಿಸುತ್ತಿದ್ದಾನೆ. ಇದೂ ಒಂದು ಗುರುತು ಅಲ್ವಾ? ಹುಡುಕದೆ ಹಿಡಿದದ್ದೆಲ್ಲ ಟೊಳ್ಳು ಎಂದರೆ ನನಗೆ ನೋವಾಗುತ್ತದೆ.

ಖಾಲಿಹಾಳೆ, ನಿಮ್ಮ ಚಿಂತೆ ಸಣ್ಣದು ಎಂದು ನಾನು ಹೇಳುವುದಿಲ್ಲ. ಆದರೆ ಈಗಿರುವ ಕೆಲಸವನ್ನು ‘ಇದು ನಾನಲ್ಲ’ ಎಂದು ಬೇಗ ಪಕ್ಕಕ್ಕೆ ತಳ್ಳಬೇಡಿ. ಹತ್ತು ತಿಂಗಳು ಬಹಳ ಕಡಿಮೆ. ಒಂದು ಕೆಲಸದ ಒಳಗೆ ಇಳಿದ ಮೇಲೆ ಹುಟ್ಟುವ ಪ್ರೀತಿಯೂ ಒಂದಿದೆ. ಅದು ಮೊದಲೇ ಕಾಣುವುದಿಲ್ಲ.

ಹಳೆಪೆನ್ಸಿಲ್:

ಮೂರನೇಪಾಳಿ ಅವರೇ, ನಿಮ್ಮ ಮಾತು ಸರಿ. ‘ಹಿಡಿದದ್ದು ಜಾರಿದ ದಿನ ಕೈಗೆ ಏನೂ ಸಿಗುವುದಿಲ್ಲ’ ಎಂದು ನಾನು ಎಲ್ಲರಿಗೂ ಸೇರಿಸಿ ಬರೆದುಬಿಟ್ಟೆ. ತಪ್ಪಾಯಿತು. ಕೊಟ್ಟದ್ದನ್ನು ತಗೊಂಡು, ವರ್ಷಗಟ್ಟಲೆ ದುಡಿದು, ಅದನ್ನು ತನ್ನದಾಗಿ ಮಾಡಿಕೊಂಡವರು ಬೇರೆ. ನಿಮ್ಮ ಕಿವಿ ನಿಮ್ಮದೇ. ಅದನ್ನು ಯಾರೂ ಕೊಟ್ಟದ್ದಲ್ಲ.

ಖಾಲಿಹಾಳೆ:

ಇಬ್ಬರ ಮಾತನ್ನೂ ಮತ್ತೆ ಮತ್ತೆ ಓದಿದೆ. ಮೂರನೇಪಾಳಿ ಅಣ್ಣ, ನೀವು ಬರೆದದ್ದು ಓದಿ ಒಂದು ಕ್ಷಣ ನಾಚಿಕೆಯಾಯಿತು. ಆಮೇಲೆ ಅನ್ನಿಸಿತು, ನಿಮ್ಮ ಕಿವಿಯ ಹಾಗೆ ನನ್ನಲ್ಲಿ ಏನು ಬೆಳೆದಿದೆ ಎಂದು. ಪರೀಕ್ಷೆಗೆ ಓದುವುದು ಬಿಟ್ಟು ಬೇರೆ ಏನೂ ನೆನಪಿಗೆ ಬರಲಿಲ್ಲ. ಅದು ಬಹುಶಃ ಇನ್ನೂ ಬೆಳೆಯಬೇಕು.

ನೋಟ್‌ಬುಕ್ ಶುರು ಮಾಡಿದ್ದೇನೆ. ನಾಲ್ಕು ದಿನ ಆಯಿತು. ಒಂದು ಸಂಶಯ. ಹಗುರ, ಭಾರ ಎಂದು ಬರೆಯಲು ಹೋದರೆ ನನಗೆ ಅದೇ ಗೊತ್ತಾಗುತ್ತಿಲ್ಲ. ಯಾರಾದರೂ ಹೊಗಳಿದರೆ ಹಗುರ, ಹೊಗಳದಿದ್ದರೆ ಭಾರ. ಕೆಲಸ ಯಾವುದಾದರೂ ಅಷ್ಟೇ. ನಾಲ್ಕು ದಿನದ ನಾಲ್ಕು ಸಾಲೂ ಹಾಗೇ ಇದೆ. ಇದನ್ನು ಹೇಗೆ ದಾಟುವುದು?

ಇನ್ನೊಂದು. ಆ ಫಾರಂನ ಎರಡನೇ ಪ್ರಶ್ನೆ, ಐದು ವರ್ಷದ್ದು. ಅದರ ಬಗ್ಗೆ ಯಾರೂ ಹೇಳಲಿಲ್ಲ.

ಕಿಟಕಿಪಕ್ಕ:

ಮಗಳೇ, ನನಗೆ 58. ಹಾಗೆ ಕರೆದರೆ ಬೇಜಾರಿಲ್ಲ ತಾನೇ?

ನೀನು ಹೇಳಿದ ಹೊಗಳಿಕೆಯ ಮಾತು ಬಹಳ ನಿಜ. ಅದನ್ನು ನಾಲ್ಕೇ ದಿನಕ್ಕೆ ಕಂಡುಕೊಂಡೆಯಲ್ಲ. ನನಗೆ ಅದು ಕಂಡದ್ದು ನಲವತ್ತಾರಕ್ಕೆ. ಒಂದು ಉಪಾಯ ಹೇಳುತ್ತೇನೆ. ಯಾರಿಗೂ ಗೊತ್ತಾಗದ ಒಂದು ಕೆಲಸ ಹಿಡಿ. ಯಾರಿಗೂ ಹೇಳಬೇಡ, ತೋರಿಸಬೇಡ, ಫೋಟೋ ತೆಗೆದು ಹಾಕಬೇಡ. ಒಂದು ತಿಂಗಳು ಮಾಡು. ಹೊಗಳುವವರು ಯಾರೂ ಇಲ್ಲದಾಗ ಮನಸ್ಸು ಅದರ ಕಡೆಗೆ ತಾನಾಗಿ ಹೋಗುತ್ತದಾ ನೋಡು. ನಾನು ಬಟ್ಟೆಯ ಚೂರುಗಳನ್ನು ಸೇರಿಸಿ ಹೊಲಿಯಲು ಶುರು ಮಾಡಿದ್ದು ಹಾಗೆ. ಬಾಗಿಲು ಹಾಕಿಕೊಂಡು. ಮಕ್ಕಳಿಗೂ ಗೊತ್ತಿರಲಿಲ್ಲ.

ಐದು ವರ್ಷದ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ. ಮೂವತ್ತಕ್ಕೆ ನನಗೆ ಪೂರ್ತಿ ಖಾತ್ರಿ ಇತ್ತು, ನಾನು ಅಂದರೆ ಇಷ್ಟೇ ಎಂದು. ಜನ ಸೇರಿದ ಕಡೆ ಮಾತಾಡುವವಳಲ್ಲ, ಒಬ್ಬಳೇ ಎಲ್ಲಿಗೂ ಹೋಗುವವಳಲ್ಲ, ಮನೆ ಮಕ್ಕಳು ಬಿಟ್ಟು ಬೇರೆ ಆಸೆ ಇಲ್ಲ. ಹಿಂದೆ ತಿರುಗಿ ನೋಡಿದರೆ ಇಪ್ಪತ್ತರಿಂದ ಮೂವತ್ತಕ್ಕೆ ಎಷ್ಟೋ ಬದಲಾಗಿದ್ದೆ. ಅದು ಕಾಣುತ್ತಿತ್ತು. ಮುಂದೆಯೂ ಬದಲಾಗುತ್ತೇನೆ ಎಂದು ಮಾತ್ರ ಅನ್ನಿಸಲೇ ಇಲ್ಲ. ಈಗ ತಿಂಗಳಿಗೊಮ್ಮೆ ಮೂವತ್ತು ಹೆಂಗಸರ ಎದುರು ನಿಂತು ಹೊಲಿಗೆ ಹೇಳಿಕೊಡುತ್ತೇನೆ. ಮೂವತ್ತರ ನನಗೆ ಇದನ್ನು ತೋರಿಸಿದ್ದರೆ ‘ಇವಳು ಯಾರೋ ಬೇರೆ’ ಎನ್ನುತ್ತಿದ್ದೆ.

ಇದು ನನಗೊಬ್ಬಳಿಗೆ ಆದದ್ದಲ್ಲ ಎಂದು ಆಮೇಲೆ ಓದಿದೆ. 2013ರಲ್ಲಿ ಮೂವರು ಸಂಶೋಧಕರು 18ರಿಂದ 68 ವರ್ಷದವರೆಗಿನ 19,000ಕ್ಕೂ ಹೆಚ್ಚು ಜನರನ್ನು ಕೇಳಿ ನೋಡಿದರು. ಹಿಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾದಿರಿ, ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗುತ್ತೀರಿ ಎಂದು. ಎಲ್ಲ ವಯಸ್ಸಿನವರೂ ಹಿಂದೆ ಬಹಳ ಬದಲಾಗಿದ್ದೇವೆ, ಮುಂದೆ ಅಷ್ಟೇನೂ ಇಲ್ಲ ಎಂದರು. ಇಲ್ಲಿಗೆ ನಾವು ಮುಗಿದೆವು ಎಂದು ಎಲ್ಲ ವಯಸ್ಸಿನಲ್ಲೂ ಅನ್ನಿಸುತ್ತದೆಯಂತೆ.

ಅದಕ್ಕೇ ಹೇಳುತ್ತೇನೆ. ಐದು ವರ್ಷದ ಉತ್ತರವನ್ನು ಪೆನ್ಸಿಲ್ಲಿನಲ್ಲಿ ಬರೆ. ಆದರೆ ಬರೆ. ಖಾಲಿ ಬಿಡಬೇಡ. ಬರೆದರೆ ತಾನೇ ಆಮೇಲೆ ಅಳಿಸಿ ತಿದ್ದುವುದಕ್ಕೆ ಏನಾದರೂ ಇರುತ್ತದೆ.

ಹಳೆಪೆನ್ಸಿಲ್:

ಕಿಟಕಿಪಕ್ಕ ಅಮ್ಮ ಹೇಳಿದ ಉಪಾಯ ನನ್ನ ನೋಟ್‌ಬುಕ್ಕಿಗಿಂತ ಒಳ್ಳೆಯದು. ಎರಡನ್ನೂ ಸೇರಿಸಿ ಮಾಡಿ.

ಮುಂದಿನದರ ಬಗ್ಗೆ ಒಂದೆರಡು ಮಾತು. ಹೇಜೆಲ್ ಮಾರ್ಕಸ್ ಮತ್ತು ಪೌಲಾ ನುರಿಯಸ್ 1986ರಲ್ಲಿ ಒಂದು ವಿಚಾರ ಮುಂದಿಟ್ಟರು. ನಮ್ಮೊಳಗೆ ಈಗಿನ ನಾನು ಒಬ್ಬನೇ ಇರುವುದಿಲ್ಲ. ಮುಂದೆ ಆಗಬಹುದಾದ ಹಲವು ನಾನುಗಳು ಇರುತ್ತಾರೆ. ಆಗಬೇಕು ಎಂದು ಆಸೆ ಪಡುವ ನಾನು. ಹೀಗೆ ಆಗಿಬಿಟ್ಟರೆ ಎಂದು ಹೆದರುವ ನಾನು. ನಾವು ಮೊದಲನೆಯವರನ್ನು ಮಾತ್ರ ಕೇಳುತ್ತೇವೆ. ನಿಮ್ಮ ಫಾರಂ ಕೇಳಿದ್ದೂ ಅದನ್ನೇ. ಆಸೆ ಕಾಣದವರಿಗೆ ಹೆದರಿಕೆ ಬೇಗ ಕಾಣುತ್ತದೆ. ನನಗೆ 27ಕ್ಕೆ ‘ಏನಾಗಬೇಕು’ ಎಂದು ಕೇಳಿದರೆ ಬಾಯಿ ಬರುತ್ತಿರಲಿಲ್ಲ. ‘ಏನಾಗಬಾರದು’ ಎಂದು ಕೇಳಿದ್ದರೆ ತಕ್ಷಣ ಹೇಳುತ್ತಿದ್ದೆ. ಐವತ್ತಕ್ಕೆ ಇದೇ ಕುರ್ಚಿಯಲ್ಲಿ ಯಾರ ಜೊತೆಗೂ ಮಾತಿಲ್ಲದೆ ಕೂತ ಮನುಷ್ಯ ಆಗಬಾರದು. ಆ ವಾಕ್ಯವನ್ನು ತಿರುಗಿಸಿ ಇಟ್ಟೆ. ದಿನಕ್ಕೊಮ್ಮೆಯಾದರೂ ಯಾರಿಗಾದರೂ ಏನಾದರೂ ಹೇಳಿಕೊಡುವ ಮನುಷ್ಯ ಆಗಬೇಕು. ನನ್ನ ಮುಂದಿನ ಕನಸು ಅಂದರೆ ಬಹಳ ವರ್ಷ ಅಷ್ಟೇ ಇತ್ತು. ಹುದ್ದೆಯ ಹೆಸರು ಇರಲಿಲ್ಲ, ಸಂಬಳ ಇರಲಿಲ್ಲ. ಒಂದು ದಿನ ಹೇಗಿರಬೇಕು ಎಂಬುದಿತ್ತು.

ಇನ್ನೊಂದು ಎಚ್ಚರಿಕೆ. ಕನಸನ್ನು ಕಣ್ಣು ಮುಚ್ಚಿ ನೋಡುತ್ತ ಕೂತರೆ ಸಾಕು ಎನ್ನುವವರು ಇದ್ದಾರೆ. ಗೇಬ್ರಿಯೆಲ್ ಓಟಿಂಗನ್ ಎಂಬವರು ಇದನ್ನೇ ವರ್ಷಗಟ್ಟಲೆ ಪರೀಕ್ಷಿಸಿದವರು. ಬರೀ ಸವಿಗನಸು ಕಾಣುವುದರಿಂದ ಮಾಡುವ ಹುಮ್ಮಸ್ಸು ಇಳಿಯುತ್ತದೆ ಎಂದು ಅವರಿಗೆ ಕಂಡಿತು. ಆಗಲೇ ಸಿಕ್ಕಿಬಿಟ್ಟ ಹಾಗೆ ಮನಸ್ಸು ಸುಮ್ಮನಾಗುತ್ತದೆ. ಆಸೆಯ ಪಕ್ಕದಲ್ಲೇ ‘ನನ್ನೊಳಗೆ ಇದಕ್ಕೆ ಅಡ್ಡ ಬರುವುದು ಏನು’ ಎಂದೂ ಬರೆಯಬೇಕು. ಆ ಅಡ್ಡಿ ಬಂದಾಗ ಏನು ಮಾಡುತ್ತೇನೆ ಎಂಬುದನ್ನೂ ಬರೆಯಬೇಕು. ನಿಮ್ಮ ಅಡ್ಡಿ ಏನು ಎಂದು ನಿಮಗೆ ಆಗಲೇ ಗೊತ್ತಾಗಿದೆ. ಹೊಗಳಿಕೆ ಸಿಗದ ದಿನ ನೀವು ಕೈಬಿಡುತ್ತೀರಿ. ಆ ದಿನಕ್ಕೆ ಏನು ಮಾಡಬೇಕು ಎಂದು ಈಗಲೇ ಒಂದು ಸಾಲು ಬರೆದಿಡಿ.

ಮೂರನೇಪಾಳಿ:

ಈ ಅಡ್ಡಿಯ ಮಾತು ಒಪ್ಪಿದೆ. ಮಿಷಿನ್ ಯಾವಾಗ ಕೆಡುತ್ತದೆ ಎಂದು ಗೊತ್ತಿದ್ದರೆ ಸಾಮಾನು ಪಕ್ಕದಲ್ಲೇ ಇಟ್ಟುಕೊಂಡಿರುತ್ತೇವೆ.

‘ಏನಾಗಬಾರದು’ ಎಂದು ನಾನೂ ಬರೆದು ನೋಡಿದೆ. 31ಕ್ಕೆ ಮೊದಲ ಸಲ. ನನ್ನ ಕಿವಿಗೆ ಗೊತ್ತಿರುವುದು ನನ್ನ ಜೊತೆಗೇ ಮುಗಿದುಹೋಗಬಾರದು ಎಂದು ಬಂತು. ಪಾಳಿಗೆ ಹೊಸ ಹುಡುಗ ಬಂದಿದ್ದಾನೆ. ನಿನ್ನೆ ರಾತ್ರಿ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಣ್ಣು ಮುಚ್ಚಿ ಕೇಳು ಎಂದೆ.

ಖಾಲಿಹಾಳೆ (ಏಳು ವಾರದ ನಂತರ):

ಎಲ್ಲರಿಗೂ ಮತ್ತೆ ನಮಸ್ಕಾರ. ಏನಾಯಿತು ಎಂದು ಹೇಳದೆ ಇರಲು ಮನಸ್ಸು ಬರಲಿಲ್ಲ.

ಬಣ್ಣದ ಡಬ್ಬಿ ಇಳಿಸಿದೆ. ಅರ್ಧ ಬಣ್ಣ ಒಣಗಿ ಕಲ್ಲಾಗಿತ್ತು. ಹೊಸದು ತಂದೆ. ಮೂರು ಭಾನುವಾರ ಕೂತೆ. ಬಹಳ ಆಸೆಯಿಂದ ಕೂತಿದ್ದೆ, ಇದೇ ಇರಬೇಕು, ಇದನ್ನೇ ನಾನು ಕಳೆದುಕೊಂಡದ್ದು ಎಂದು. ಮೂರನೇ ಭಾನುವಾರ ಗಡಿಯಾರ ನೋಡುತ್ತಿದ್ದೆ. ಅತ್ತುಬಿಟ್ಟೆ. ಒಂಬತ್ತನೇ ತರಗತಿಯ ನನ್ನ ಬಗ್ಗೆ ಇಷ್ಟು ದಿನ ಮರುಗಿದ್ದೆ. ಅವಳಿಗೆ ಚಿತ್ರ ಅಷ್ಟೇನೂ ಬೇಕಿರಲಿಲ್ಲವೇನೋ. ಡಬ್ಬಿಯನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ಪಕ್ಕದ ಮನೆಯ ಮಗುವಿಗೆ ಕೊಟ್ಟೆ.

ಅಷ್ಟರಲ್ಲಿ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಕೇಳಿದರು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುವವರು ಬೇಕಂತೆ, ಬರುತ್ತೀಯಾ ಎಂದು. ಓದುವುದೊಂದು ನನಗೆ ಬರುತ್ತದಲ್ಲ ಎಂದು ಹೂಂ ಎಂದೆ. ಓದಿದವರು ಯಾರು ಎಂದು ಆ ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಹಾಗಾಗಿ ಕಿಟಕಿಪಕ್ಕ ಅಮ್ಮ ಹೇಳಿದ ಷರತ್ತೂ ಸರಿಯಾಯಿತು. ಮನೆಯಲ್ಲೂ ಹೇಳಲಿಲ್ಲ.

ಮೊದಲ ದಿನ ವಿಜ್ಞಾನದ ಪಾಠ. ‘ಚಿತ್ರದಲ್ಲಿ ತೋರಿಸಿರುವಂತೆ’ ಎಂದು ಬಂತು. ಚಿತ್ರದಲ್ಲಿ ಹೃದಯದ ನಾಲ್ಕು ಕೋಣೆ. ಕೇಳುವವರಿಗೆ ಚಿತ್ರ ಇಲ್ಲ. ಏನು ಮಾಡುವುದು? ನಿಲ್ಲಿಸಿ, ಅದನ್ನು ಮಾತಿನಲ್ಲಿ ಬರೆದುಕೊಂಡೆ. ‘ನಿಮ್ಮ ಮುಷ್ಟಿ ಕಟ್ಟಿ ಎದೆಯ ಮೇಲಿಡಿ. ಹೃದಯ ಹೆಚ್ಚು ಕಡಿಮೆ ಅಷ್ಟು ದೊಡ್ಡದು. ಅದರೊಳಗೆ ಮೇಲೆ ಎರಡು ಕೋಣೆ, ಕೆಳಗೆ ಎರಡು.’ ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಬೆರಳಿನಲ್ಲೇ ದಾರಿ ಹಿಡಿಯುವ ಹಾಗೆ ಹೇಳಲು ಒಂದೂವರೆ ಗಂಟೆ ಬೇಕಾಯಿತು. ತಲೆ ಎತ್ತಿದಾಗ ಕತ್ತಲಾಗಿತ್ತು. ದೀಪ ಹಾಕುವುದು ಮರೆತಿದ್ದೆ.

ಅವತ್ತು ಎಡಗಡೆ ಬರೆದೆ. ಯಾರೂ ಹೊಗಳಿರಲಿಲ್ಲ. ಆಮೇಲೆ ಇನ್ನೂ ಐದು ಸಲ ಎಡಗಡೆ ಬಂದಿದೆ. ಒಂದು ಸಲ ಬಲಗಡೆಯೂ ಬಂತು, ಗಂಟಲು ಕೆಟ್ಟು ಇಡೀ ಪಾಠ ಮತ್ತೆ ಓದಬೇಕಾದ ದಿನ.

ಮೂರನೇಪಾಳಿ ಅಣ್ಣ, ಆಫೀಸಿನ ಕೆಲಸದಲ್ಲೂ ಒಂದು ಎಡಗಡೆ ಬಿದ್ದಿದೆ. ಯಾರಿಗೂ ಅರ್ಥವಾಗದ ಒಂದು ವರದಿಯನ್ನು ಎರಡು ಪುಟಕ್ಕೆ ಇಳಿಸಿದ್ದು. ನೀವು ಬೇಗ ಪಕ್ಕಕ್ಕೆ ತಳ್ಳಬೇಡಿ ಎಂದಿರದಿದ್ದರೆ ನಾನು ಅದನ್ನು ಬರೆಯುತ್ತಲೇ ಇರಲಿಲ್ಲ.

ಫಾರಂ ಕೊಟ್ಟೆ. ಅಷ್ಟು ತಡವಾಗಿ ಕೊಟ್ಟದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಐದು ಸಾಲು ತುಂಬಲಿಲ್ಲ, ಮೂರು ಬರೆದೆ. ‘ಕಷ್ಟದ ವಿಷಯವನ್ನು ಕಾಣದವರಿಗೂ ಕಾಣುವ ಹಾಗೆ ಹೇಳಲು ಇಷ್ಟ. ಹೊಗಳಿಕೆ ಸಿಗದಿದ್ದರೆ ಕುಗ್ಗುತ್ತೇನೆ, ಅದನ್ನು ದಾಟಲು ಕಲಿಯುತ್ತಿದ್ದೇನೆ. ಚಿತ್ರ ಬಿಡಿಸುವುದು ನನ್ನದಲ್ಲ ಎಂದು ಈಗ ಗೊತ್ತಿದೆ.’ ಐದು ವರ್ಷದ ಪ್ರಶ್ನೆಗೆ ಹುದ್ದೆಯ ಹೆಸರು ಬರೆಯಲು ಇನ್ನೂ ಬರಲಿಲ್ಲ. ‘ವಾರದಲ್ಲಿ ಒಂದು ದಿನವಾದರೂ ದೀಪ ಹಾಕಲು ಮರೆಯುವಷ್ಟು ಮುಳುಗಿರಬೇಕು’ ಎಂದು ಬರೆದೆ. ಪೆನ್ಸಿಲ್ಲಿನಲ್ಲೇ ಬರೆದೆ ಅಮ್ಮ.

ಈ ಭಾನುವಾರ ಭೂಗೋಳದ ಪಾಠ. ಹದಿನಾಲ್ಕು ಪುಟ, ಮೂರು ನಕ್ಷೆ. ನಕ್ಷೆಯನ್ನು ಮಾತಿನಲ್ಲಿ ಹೇಗೆ ಹೇಳುವುದು ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ನಿಮಗೆ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.